ಎಮ್ಮೆಯ ಪಾಲಿನ ಸೊಪ್ಪು

"ಅವ್ವಾ, ನಾಲ್ಕು ಜನ ಏನೆನ್ನುತ್ತಾರೋ ಎಂದು ಎಲ್ಲರೂ ಹೆದರುತ್ತಾರೆ. ಆ ನಾಲ್ಕು ಜನ ಯಾರು?"

ಶಿಷ್ಯೆ ಹೀಗೆ ಕೇಳಿದಾಗ ಗುರುತಾಯಿ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕೆ, ನಿನಗೆ ಯಾರು ಏನೆಂದರು?"

"ಇನ್ನೂ ಯಾರೂ ಏನೂ ಅಂದಿಲ್ಲ. ಅಂದಾರು ಎಂದು."

"ಹಾಗಾದರೆ ಕೂತುಕೋ. ಕೇಳುತ್ತಾ ಕೇಳುತ್ತಾ ಒಂದಿಷ್ಟು ಕಾಯಿ ಬಿಡಿಸು," ಎಂದು ಮೊರವನ್ನು ಅವಳ ಕಡೆಗೆ ತಳ್ಳಿ, ಗುರುತಾಯಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತ. ಅವನಿಗೆ ಬಾವಿಯ ಮಗ್ಗುಲಲ್ಲಿ ಒಂದು ತುಂಡು ಹೊಲ, ಹೊಲದಲ್ಲಿ ಗೆಣಸು. ಕೊಟ್ಟಿಗೆಯಲ್ಲಿ ಎತ್ತುಗಳು, ಒಂದು ಎಮ್ಮೆ. ಮನೆಯಲ್ಲಿ ತಾಯಿ ಮತ್ತು ಹೆಂಡತಿ. ಈ ಕತೆಯಲ್ಲಿ ರೈತನಿಗೆ ಹೆಚ್ಚು ಕೆಲಸವಿಲ್ಲ. ಅವನು ಹೊಲಕ್ಕೆ ಹೋಗಿರಲಿ. ಕತೆ ಅವನ ತಾಯಿಯದು. ಮನೆಗೆ ಸೊಸೆ ಬಂದಿದ್ದಳಲ್ಲ, ಆದ್ದರಿಂದ ಅವಳನ್ನು ಅತ್ತೆ ಎನ್ನೋಣ.

ಅತ್ತೆಗೆ ತನ್ನ ಅಡುಗೆಯ ಮೇಲೆ ಬಹಳ ಅಭಿಮಾನ. ಊರಿನಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಸಾರಿಗೆ ಉಪ್ಪು ಸರಿಯಿದೆಯೇ ಎಂದು ನೋಡಲು ಅವಳನ್ನೇ ಕರೆಯುತ್ತಿದ್ದರು. ಅವಳು ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಹೂಂ" ಎಂದರೆ ಪಂಕ್ತಿ ಕೂರುತ್ತಿತ್ತು. "ಊಹೂಂ" ಎಂದರೆ ಇಡೀ ಊರು ಹಸಿದುಕೊಂಡು ಕಾಯುತ್ತಿತ್ತು. ತನ್ನ ಮನೆಯಲ್ಲಿ ಉಂಡವರು ಬೇರೆ ಮನೆಯಲ್ಲಿ ಉಣ್ಣುವಾಗ ತನ್ನನ್ನು ನೆನೆಯಬೇಕು ಎಂಬುದು ಅವಳ ಆಸೆ. ನೆನೆಯುತ್ತಿದ್ದರು ಕೂಡ. ಆದರೆ ಅವಳ ನಾಲಿಗೆ ರುಚಿಯನ್ನು ಎಷ್ಟು ಬಲ್ಲದೋ ಚುಚ್ಚುಮಾತನ್ನೂ ಅಷ್ಟೇ ಬಲ್ಲದು.

ಗೆಣಸಿನ ಬಳ್ಳಿಗೆ ಒಂದು ಚಾಳಿ ಉಂಟು. ಹರಿದಲ್ಲೆಲ್ಲ, ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಹಾಗೆ ಬಿಟ್ಟರೆ ಬುಡದಲ್ಲಿ ಗೆಣಸು ದಪ್ಪವಾಗುವುದಿಲ್ಲ ಎಂದು ಆ ಊರಿನವರು ಆಗಾಗ ಬಳ್ಳಿಯನ್ನು ಎತ್ತಿ ಮಗುಚಿ ಹಾಕುತ್ತಿದ್ದರು. ಅದು ಹೆಂಗಸರ ಕೆಲಸ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಾಳಾಗಿ ದುಡಿಯುತ್ತಿದ್ದರು. ಮಗುಚುವಾಗ ಮುರಿದ ಕುಡಿಗಳನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಒಯ್ಯುವುದು ವಾಡಿಕೆ. ಯಾಕೆ ಎಂದು ಕೇಳಿದರೆ "ಎಮ್ಮೆಗೆ" ಎನ್ನುತ್ತಿದ್ದರು. ಎಮ್ಮೆ ಇಲ್ಲದವರೂ ಹಾಗೆಯೇ ಹೇಳುತ್ತಿದ್ದರು. ಅದನ್ನು ಯಾರೂ ವಿಚಾರಿಸಲು ಹೋಗಿರಲಿಲ್ಲ.

ಆ ಊರಿನಲ್ಲಿ ಗೆಣಸು ಮನುಷ್ಯರಿಗೆ, ಸೊಪ್ಪು ದನಕ್ಕೆ. ಇದು ಕಲ್ಲಿನ ಮೇಲೆ ಕೆತ್ತಿದ ಮಾತಲ್ಲ. ಆದರೆ ಕಲ್ಲಿನ ಮೇಲೆ ಕೆತ್ತಿದ್ದನ್ನು ಓದುವವರಾದರೂ ಯಾರು? ಬಾಯಲ್ಲಿ ಇದ್ದದ್ದೇ ಕಾನೂನು.

ಒಂದು ಸಲ ಅತ್ತೆ ಕೆಂಡ ಕೇಳಲು ಎದುರು ಮನೆಗೆ ಹೋಗಿದ್ದಳು. ಎದುರು ಮನೆಯವಳ ಒಲೆಯ ಮೇಲೆ ಒಂದು ಪಾತ್ರೆ ಕುದಿಯುತ್ತಿತ್ತು. ಮುಚ್ಚಳ ತೆಗೆದು ನೋಡುವುದು ಅತ್ತೆಗೆ ಅಭ್ಯಾಸ. ತೆಗೆದಳು. ಗೆಣಸಿನ ಸೊಪ್ಪು.

"ಏನವ್ವಾ, ನಿಮ್ಮನೇಲಿ ಎಮ್ಮೆನ ಒಲೆ ಮುಂದೆ ಕಟ್ಟಿದೀರಾ?" ಎಂದಳು.

ಎದುರು ಮನೆಯವಳು ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ? ಮಾತು ಚೆನ್ನಾಗಿತ್ತು. ಚೆನ್ನಾಗಿದ್ದ ಮಾತು ಮನೆಯಲ್ಲಿ ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ಬಾವಿಕಟ್ಟೆಯಲ್ಲಿತ್ತು, ವಾರದ ಹೊತ್ತಿಗೆ ಪಕ್ಕದ ಊರಿನಲ್ಲಿತ್ತು. ಅತ್ತೆ ಅದನ್ನು ಮರೆತಳು. ಮಾತು ಆಡಿದವರು ಮರೆಯುತ್ತಾರೆ. ಅದೊಂದು ಸುಖ.

ಇದಾಗಿ ಕೆಲವು ವರ್ಷಕ್ಕೆ ಸೊಸೆ ಬಂದಳು. ಒಳ್ಳೆಯ ಹುಡುಗಿ. ಮಾತು ಕಡಿಮೆ, ಆಡಿದರೆ ಸರಿಯಾಗಿ ತಾಗುವಂಥದು. ಬಂದ ಮರುವರ್ಷ ಬಸುರಾದಳು. ಅತ್ತೆಗೆ ಕೈಗೆ ಕಾಲಿಗೆ ರೆಕ್ಕೆ ಬಂದಂತಾಯಿತು. ತುಪ್ಪ, ಉಂಡೆ, ಕೊಬ್ಬರಿ, ಒಂದೇ ಎರಡೇ. ಆದರೆ ಸೊಸೆ ದಿನದಿನಕ್ಕೆ ಬಿಳಿಚಿಕೊಂಡಳು. ಬಾವಿಯಿಂದ ಒಂದು ಕೊಡ ತಂದರೆ ಗೋಡೆ ಹಿಡಿದು ನಿಲ್ಲುವಳು.

ಊರಿಗೆ ಬರುವ ನರ್ಸಮ್ಮ ಅವಳ ಕೆಳಗಣ್ಣು ಎಳೆದು ನೋಡಿದಳು. ಬೆರಳು ಚುಚ್ಚಿ ರಕ್ತ ನೋಡಿದಳು.

"ರಕ್ತ ಬಹಳ ಕಡಿಮೆ ಇದೆ. ಹೀಗೇ ಇದ್ದರೆ ಹೆರಿಗೆ ಹೊತ್ತಿಗೆ ಕಷ್ಟ ಆಗುತ್ತೆ. ತಾಯಿಗೂ ಸರಿ, ಮಗುವಿಗೂ ಸರಿ. ಈ ಮಾತ್ರೆ ತಪ್ಪದೆ ನುಂಗಿಸಿ. ಜೊತೆಗೆ ದಿನಾ ಸೊಪ್ಪು ತಿನ್ನಿಸಿ."

"ಈ ಬೇಸಿಗೇಲಿ ಸೊಪ್ಪೆಲ್ಲಿ ತರೋಣ ನರ್ಸಮ್ಮ? ಹಿತ್ತಲೆಲ್ಲ ಒಣಗಿ ಕೂತಿದೆ," ಎಂದಳು ಅತ್ತೆ.

ನರ್ಸಮ್ಮ ಬಾಗಿಲಾಚೆ ನೋಡಿದಳು. ಬಾವಿಯ ಮಗ್ಗುಲಲ್ಲಿ ಗೆಣಸಿನ ಹೊಲ ಹಸಿರು ಕಂಬಳಿ ಹಾಸಿದಂತೆ ಮಲಗಿತ್ತು.

"ಇಷ್ಟನ್ನ ಕಣ್ಣ ಮುಂದೆ ಇಟ್ಟುಕೊಂಡು ಸೊಪ್ಪಿಲ್ಲ ಅಂತೀರಲ್ಲ ತಾಯಿ! ಆ ಸೊಪ್ಪಲ್ಲಿ ರಕ್ತಕ್ಕೆ ಬೇಕಾದ ಕಬ್ಬಿಣ ಇದೆ. ಕಣ್ಣಿಗೆ ಬೇಕಾದ ಎ ಜೀವಸತ್ವ ಇದೆ. ಹೊಟ್ಟೇಲಿರೋ ಕೂಸು ಬೆಳೆಯೋಕೆ ಬೇಕಾದ ಫೋಲೇಟ್ ಅಂತ ಒಂದಿದೆ, ಅದೂ ಇದೆ. ಮೂಳೆಗೆ ಸುಣ್ಣ ಇದೆ. ನಾರು ಬೇಕಾದಷ್ಟಿದೆ, ಬಸುರೀರು ಬೆಳಿಗ್ಗೆ ತಿಣುಕೋದು ತಪ್ಪುತ್ತೆ. ಎಳೇ ಕುಡಿ ಚಿವುಟಿ ಬೇಯಿಸಿ. ಒಗ್ಗರಣೆಗೆ ಒಂದು ಚೂರು ಎಣ್ಣೆ ಇರಲಿ. ತಿನ್ನೋವಾಗ ನಿಂಬೆಹಣ್ಣು ಹಿಂಡಿ, ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತೆ. ಊಟ ಆದ ಕೂಡಲೇ ಟೀ ಮಾತ್ರ ಬೇಡ. ಹಾಂ, ಸೊಪ್ಪು ತಿಂತೀವಿ ಅಂತ ಮಾತ್ರೆ ಬಿಟ್ಟೀರಿ ಮತ್ತೆ! ಎರಡೂ ಬೇಕು."

ಅತ್ತೆ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಕೇಳಿ ಸಂತೋಷಪಟ್ಟಳು.

"ಅದಕ್ಕೇ ನೋಡಿ, ನಮ್ಮ ಎಮ್ಮೆ ಹಂಗೆ ಮಿರಮಿರ ಮಿಂಚೋದು!" ಎಂದಳು.

ಅಂದಿನಿಂದ ಎಮ್ಮೆಗೆ ಎರಡು ಹಿಡಿ ಹೆಚ್ಚಾಗಿ ಹಾಕತೊಡಗಿದಳು. ಸೊಸೆಗೆ ತುಪ್ಪ ಹೆಚ್ಚು ಮಾಡಿದಳು. ಅವಳದು ಕೆಟ್ಟ ಮನಸ್ಸಲ್ಲ. ಅವಳ ಕಣ್ಣಿಗೆ ಸೊಪ್ಪು ಬೇರೆ, ಮೇವು ಬೇರೆ. ನರ್ಸಮ್ಮ ಹೊಗಳಿದ್ದು ಮೇವನ್ನು.

ಒಂದು ದಿನ ಅತ್ತೆ ಕೊಟ್ಟಿಗೆಯ ಕಡೆ ಹೋದಳು. ಅಲ್ಲಿ ಎತ್ತುಗಳಿಗೆ ಹುರುಳಿ ಬೇಯಿಸುವ ಒಲೆ. ಒಲೆಯ ಮುಂದೆ ಸೊಸೆ ಬೆನ್ನು ಹಾಕಿ ಕೂತಿದ್ದಳು. ಅತ್ತೆಯ ಮೂಗು ಮೊದಲು ಎಚ್ಚರವಾಯಿತು. ಅದು ಊರಿಗೇ ಹೆಸರಾದ ಮೂಗು.

"ಎಮ್ಮೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕೋ ಪದ್ಧತಿ ಯಾವಾಗಿಂದ ಬಂತವ್ವಾ?"

ಸೊಸೆ ತಿರುಗಿದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮುದ್ದೆ, ಮುದ್ದೆಯ ಪಕ್ಕದಲ್ಲಿ ಗೆಣಸಿನ ಸೊಪ್ಪಿನ ಪಲ್ಯ. ಬಾಯಿ ತುಂಬಿತ್ತು. ಅವಳು ನಿಧಾನವಾಗಿ ನುಂಗಿದಳು.

"ಒಂದು ತಿಂಗಳಾಯ್ತು ಅತ್ತೆಮ್ಮ."

"ಅಯ್ಯೋ ನನ್ನ ಕರ್ಮವೇ! ಯಾರಾದ್ರೂ ನೋಡಿದ್ರೆ ಏನಂತಾರೆ? ಬಸುರಿ ಸೊಸೆನ ಕೊಟ್ಟಿಗೇಲಿ ಕೂರ್ಸಿ ಎಮ್ಮೆ ಮೇವು ಹಾಕ್ತಾಳೆ ಅಂತಾರೆ. ನಿಮ್ಮವ್ವಂಗೆ ಗೊತ್ತಾದ್ರೆ ನಾನು ಮುಖ ಎಲ್ಲಿಡ್ಲಿ?"

"ಎತ್ತಿಗೆ ಅಂತ ಹುರುಳಿ ಬೇಯಿಸಿ, ಅದರ ಕಟ್ಟು ಬಸಿದು ನಾವು ಸಾರು ಮಾಡಲ್ವಾ ಅತ್ತೆಮ್ಮ?"

"ಅದು ಬೇರೆ."

"ಹೆಂಗೆ ಬೇರೆ?"

ಅತ್ತೆ ಯೋಚಿಸಿದಳು. "ಅದನ್ನ ಎಲ್ಲರೂ ಉಣ್ತಾರೆ," ಎಂದಳು.

ಲೋಕದಲ್ಲಿ ಬಹಳ ಮಾತುಗಳಿಗೆ ಇದೇ ಕೊನೆಯ ಉತ್ತರ. ಆ ಹೊತ್ತಿಗೆ ಮಗ ಹೊಲದಿಂದ ಬಂದ. ಅತ್ತೆ ಅವನ ಬೆಂಬಲ ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, "ಕುಡಿ ಬಹಳ ಕಿತ್ತರೆ ಗೆಣಸು ದಪ್ಪ ಆಗಲ್ಲ" ಎಂದು ಇಬ್ಬರಿಗೂ ಬೇಡದ ಮಾತು ಹೇಳಿ ಕಾಲು ತೊಳೆಯಲು ಹೋದ.

ಸೊಸೆ ಸೊಪ್ಪು ತಿನ್ನುವುದು ನಿಂತಿತು. ಅತ್ತೆ ಕಾವಲಿದ್ದಳು. ಆ ತಿಂಗಳು ನರ್ಸಮ್ಮ ಬಂದು ಬೆರಳು ಚುಚ್ಚಿದಾಗ ರಕ್ತ ಸ್ವಲ್ಪ ಏರಿತ್ತು. ಮುಂದಿನ ಸಲ ಬಂದಾಗ ಅಲ್ಲೇ ನಿಂತಿತ್ತು.

"ಏರ್ತಾ ಇದ್ದದ್ದು ಯಾಕೆ ನಿಂತಿತು? ಇದು ಸಾಲದು ತಾಯಿ. ಇನ್ನೂ ಏರಬೇಕು. ಇಲ್ಲದಿದ್ದರೆ ನನಗೆ ಹೆದರಿಕೆ," ಎಂದಳು ನರ್ಸಮ್ಮ.

ಅತ್ತೆಗೂ ಒಳಗೆ ಹೆದರಿಕೆಯಾಯಿತು. ದೇವರಿಗೆ ಹರಕೆ ಹೊತ್ತಳು. ತುಪ್ಪ ಇನ್ನೂ ಹೆಚ್ಚು ಮಾಡಿದಳು. ಒಂದೆರಡು ಸಲ ಗೆಣಸಿನ ಹೊಲದ ಬದುವಿನವರೆಗೂ ಹೋದಳು. ಎದುರಿಗೆ ಯಾರೋ ಬರುವುದು ಕಂಡಿತು. ಸುಮ್ಮನೆ ಆಕಾಶ ನೋಡಿ ತಿರುಗಿ ಬಂದಳು.

ಏಳನೆಯ ತಿಂಗಳು ಬಂತು. ಆ ಸೀಮೆಯಲ್ಲಿ ಒಂದು ಪದ್ಧತಿ. ಏಳನೆಯ ತಿಂಗಳಲ್ಲಿ ತವರಿನವರು ಬಂದು ಬಸುರಿಗೆ ಮಡಿಲು ತುಂಬುತ್ತಾರೆ. ಊರಿನ ಹೆಂಗಸರೆಲ್ಲ ಸೇರುತ್ತಾರೆ. ಬಸುರಿಯನ್ನು ಹಸೆಯ ಮೇಲೆ ಕೂರಿಸಿ, ಎಲ್ಲರಿಗಿಂತ ಹಿರಿಯಳಾದವಳು ಎಲ್ಲರಿಗೂ ಕೇಳುವಂತೆ "ನಿನ್ನ ಬಯಕೆ ಏನು ಮಗಳೇ?" ಎಂದು ಕೇಳುತ್ತಾಳೆ. ಅವಳು ಏನು ಕೇಳಿದರೂ ಸರಿ, ಅತ್ತೆ ಅದನ್ನು ತನ್ನ ಕೈಯಾರೆ ಮಾಡಿ, ಅಂದೇ, ಆ ಪಂಕ್ತಿಯಲ್ಲೇ ಬಡಿಸಬೇಕು. ಬಡಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಂಬಿಕೆ. ಕಿವಿ ಸೋರುವ ಮಗುವನ್ನು ಕಂಡಾಗಲೆಲ್ಲ ಊರು ಅದರ ಅಜ್ಜಿಯನ್ನು ಬೈಯುತ್ತದೆ.

ಯಾವ ಅತ್ತೆಯೂ ಇಂಥ ವಿಷಯವನ್ನು ದೈವದ ಕೈಗೆ ಬಿಡುವುದಿಲ್ಲ. ಈ ಅತ್ತೆಯೂ ಬಿಡಲಿಲ್ಲ. ಹಿಂದಿನ ದಿನವೇ ಡಬ್ಬದ ತುಂಬ ಕಜ್ಜಾಯ ಕರಿದಿಟ್ಟು, ಬೆಳಿಗ್ಗೆ ಸೊಸೆಗೆ ತಲೆ ಬಾಚುತ್ತಾ ಹೇಳಿದಳು.

"ದೊಡ್ಡವ್ವ ಬಯಕೆ ಏನು ಅಂತ ಕೇಳ್ತಾರೆ. ಕಜ್ಜಾಯ ಅನ್ನು."

"ನಂಗೆ ಕಜ್ಜಾಯದ ಬಯಕೆ ಇಲ್ವಲ್ಲ ಅತ್ತೆಮ್ಮ."

"ಬಯಕೆ ಯಾರಿಗೆ ಬೇಕಾಗಿದೆ? ಕೇಳಿದ್ರೆ ಹೇಳೋದಕ್ಕೆ ಒಂದು ಇರ್ಬೇಕು, ಅಷ್ಟೇ. ಕಜ್ಜಾಯ ಅನ್ನು."

ಸೊಸೆ ತಲೆ ಆಡಿಸಿದಳು. ತಲೆ ಬಾಚಿಸಿಕೊಳ್ಳುವಾಗ ಆಡಿದ ತಲೆ. ಅದನ್ನು ಹೂಂ ಎಂದು ತಿಳಿದದ್ದು ಅತ್ತೆಯ ತಪ್ಪು.

ಮಧ್ಯಾಹ್ನದ ಹೊತ್ತಿಗೆ ನಡುಮನೆ ತುಂಬಿತು. ತವರಿನಿಂದ ಸೊಸೆಯ ತಾಯಿ, ಅಂದರೆ ಬೀಗಿತ್ತಿ, ಬಂದಿದ್ದಳು. ಎದುರು ಮನೆಯವಳು ಬಂದಿದ್ದಳು. ಪಟೇಲನ ಹೆಂಡತಿ ಬಂದಿದ್ದಳು. ಊರಿಗೆಲ್ಲ ಹಿರಿಯಳಾದ ದೊಡ್ಡವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮಡಿಲು ತುಂಬಿದ್ದಾಯಿತು. ಹಾಡು ಹೇಳಿದ್ದಾಯಿತು. ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು.

"ನಿನ್ನ ಬಯಕೆ ಏನು ಮಗಳೇ?"

ಅತ್ತೆ ಆಗಲೇ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದ್ದಳು.

"ಗೆಣಸಿನ ಸೊಪ್ಪಿನ ಪಲ್ಯ," ಎಂದಳು ಸೊಸೆ. "ಬಿಸಿ ಮುದ್ದೆ ಜೊತೆ."

ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು. ಅತ್ತೆ ಸೊಸೆಯನ್ನು ನೋಡಿದಳು. ಹುಡುಗಿಯ ಮುಖದಲ್ಲಿ ಹಟ ಇರಲಿಲ್ಲ. ಅವಳ ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ತುಟಿ ಬೆಳ್ಳಗಿತ್ತು. ಅವಳು ಹೆದರಿದ್ದಳು. ತನಗೆ ಹೆದರಿದ್ದಾಳೆ ಎಂದು ಅತ್ತೆ ಮೊದಲು ಅಂದುಕೊಂಡಳು. ಹಾಗಲ್ಲ. ತನಗೆ ಹೆದರಿದ್ದರೆ ಕಜ್ಜಾಯ ಎನ್ನುತ್ತಿದ್ದಳು. ಅವಳಿಗೆ ಹೆರಿಗೆಯ ಹೆದರಿಕೆ, ಕೂಸಿನ ಹೆದರಿಕೆ. ಆ ಹೆದರಿಕೆಯ ಮುಂದೆ ಅತ್ತೆಯ ಹೆದರಿಕೆ ಚಿಕ್ಕದಾಗಿಹೋಗಿತ್ತು.

ಅತ್ತೆ ಡಬ್ಬದಿಂದ ಕೈ ತೆಗೆದಳು. ಬುಟ್ಟಿ ತೆಗೆದುಕೊಂಡಳು. ಯಾರ ಮುಖವನ್ನೂ ನೋಡದೆ ಅಂಗಳ ದಾಟಿ ಹೊಲಕ್ಕೆ ಇಳಿದಳು. ನಡುಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅಷ್ಟು ಕಣ್ಣು ಬೆನ್ನಿಗೆ ಅಂಟಿದರೆ ಬಗ್ಗುವುದು ಸುಲಭವಲ್ಲ. ಅವಳು ಬಗ್ಗಿದಳು. ಒಂದು ಬಳ್ಳಿಯಿಂದ ಒಂದು ಕುಡಿ, ಇನ್ನೊಂದರಿಂದ ಇನ್ನೊಂದು, ಬಳ್ಳಿಗೆ ನೋವಾಗದಂತೆ ಚಿವುಟಿದಳು. ಬುಟ್ಟಿ ತುಂಬಿತು.

ಬಾವಿಕಟ್ಟೆಯಲ್ಲಿ ತೊಳೆದು ಒಲೆಯ ಮುಂದೆ ತಂದಿಟ್ಟಳು. ಕೂತಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಇಡೀ ಊರಿನ ಸಾರಿಗೆ ಉಪ್ಪು ನೋಡಿದ ಅವಳಿಗೆ ಈ ಸೊಪ್ಪು ಬೇಯಿಸುವುದು ಹೇಗೆಂದು ಗೊತ್ತಿರಲಿಲ್ಲ.

ಹೆಂಗಸರು ಬಂದು ಅಡುಗೆಮನೆಯ ಬಾಗಿಲಲ್ಲಿ ಗುಂಪಾಗಿ ನಿಂತರು. ಅತ್ತೆ ಬಾಣಲೆ ಇಟ್ಟಳು. ಎಣ್ಣೆ ಬಿಟ್ಟಳು. ಸಾಸಿವೆ ಸಿಡಿಯಿತು. ಸೊಪ್ಪನ್ನು ಹಿಡಿಯಾಗಿ ಹಿಡಿದು, ದಂಟು ಎಲೆ ಎಲ್ಲ ಸೇರಿಸಿ ಹಾಗೇ ಹಾಕಲು ಹೊರಟಳು.

ಮಗಳೇ, ಲೋಕದಲ್ಲಿ ಒಬ್ಬಳು ಹೆಂಗಸು ತುಂಬ ಸಹಿಸಬಲ್ಲಳು. ಕಣ್ಣೆದುರಿಗೆ ಇನ್ನೊಬ್ಬಳು ಅಡುಗೆ ಕೆಡಿಸುವುದನ್ನು ಮಾತ್ರ ಸಹಿಸಲಾರಳು.

"ದಂಟು ಬೇರೆ ಮಾಡು ಅಕ್ಕಯ್ಯ," ಎಂದು ಒಂದು ದನಿ ಬಂತು. ಎದುರು ಮನೆಯವಳದು. "ದಂಟಿನ ಸಿಪ್ಪೆ ಎಳೆದು ಮೊದಲು ಹಾಕ್ಬೇಕು. ಎಲೆ ಆಮೇಲೆ. ಇಲ್ದಿದ್ರೆ ಎಲೆ ಕರಗೋಗುತ್ತೆ, ದಂಟು ಹಂಗೇ ಇರುತ್ತೆ."

ಅತ್ತೆ ಸುಮ್ಮನೆ ದಂಟು ಬೇರೆ ಮಾಡಿದಳು.

"ಬೆಳ್ಳುಳ್ಳಿ ಎಲ್ಲಿ?" ಪಟೇಲನ ಹೆಂಡತಿ ಕತ್ತು ಚಾಚಿದಳು. "ಜಜ್ಜಿ ಹಾಕಿ. ಈ ಸೊಪ್ಪಿಗೆ ಬೆಳ್ಳುಳ್ಳಿ ಬೀಳದಿದ್ರೆ ಸಪ್ಪೆ ಸಪ್ಪೆ."

"ಬೆಳ್ಳುಳ್ಳಿ ಸರಿ, ಒಂದು ಹಿಡಿ ತೊಗರಿಬೇಳೆ ಬೇಯಿಸಿ ಹಾಕಿದ್ರೆ ಅದರ ಕತೆನೇ ಬೇರೆ," ಎಂದಳು ಬೀಗಿತ್ತಿ. "ನಮ್ಮ ಕಡೆ ಹಂಗೇ ಮಾಡೋದು."

"ಬೇಳೆ ಯಾಕೆ ದಂಡಕ್ಕೆ? ಹುರುಳಿ ಕಟ್ಟಿಗೆ ಹಾಕಿ ಕುದಿಸಿ ನೋಡಿ ಒಂದು ಸಲ," ಎಂದಳು ಹಿಂದೆ ನಿಂತಿದ್ದ ಇನ್ನೊಬ್ಬಳು.

ಅತ್ತೆ ಹುಣಸೆಹಣ್ಣಿನ ಕಡೆ ಕೈ ಚಾಚಿದಳು.

"ಹುಣಸೆ ಬೇಡ ಕಣೇ!" ಕಂಬದ ಕಡೆಯಿಂದ ದೊಡ್ಡವ್ವ ಕೂಗಿದಳು. "ಬೇಸಿಗೇಲಿ ಮಾವಿನಕಾಯಿ ಬಿಟ್ಟು ಹುಣಸೆ ಹಾಕ್ತಾರಾ? ನಾನು ಮಾವಿನಕಾಯೇ ಹಾಕೋದು."

ಆಗ ಎಲ್ಲವೂ ನಿಂತಿತು.

ಅತ್ತೆ ಸೌಟು ಹಿಡಿದುಕೊಂಡೇ ತಿರುಗಿದಳು. ಎದುರು ಮನೆಯವಳು ಪಟೇಲನ ಹೆಂಡತಿಯನ್ನು ನೋಡಿದಳು. ಪಟೇಲನ ಹೆಂಡತಿ ಬೀಗಿತ್ತಿಯನ್ನು ನೋಡಿದಳು. ಬೀಗಿತ್ತಿ ನೆಲ ನೋಡಿದಳು. ಕೊನೆಗೆ ಎಲ್ಲರೂ ದೊಡ್ಡವ್ವನನ್ನು ನೋಡಿದರು. ದೊಡ್ಡವ್ವ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಅವಳ ಭುಜ ಕುಣಿಯುತ್ತಿತ್ತು.

"ದೊಡ್ಡವ್ವಾ, ನಿಮ್ಮನೇಲಿ ಎಮ್ಮೆನೇ ಇಲ್ವಲ್ಲ!" ಎಂದು ಯಾರೋ ಅಂದರು.

ನಗು ಎಲ್ಲಿ ಶುರುವಾಯಿತೋ ಗೊತ್ತಿಲ್ಲ. ಶುರುವಾದ ಮೇಲೆ ನಿಲ್ಲಿಸುವವರಿರಲಿಲ್ಲ. ಪಟೇಲನ ಹೆಂಡತಿ ಹೊಸ್ತಿಲ ಮೇಲೆ ಕುಸಿದು ಕೂತಳು. ಬೀಗಿತ್ತಿ ಕಣ್ಣೊರೆಸಿಕೊಂಡಳು. ಹಸೆಯ ಮೇಲಿದ್ದ ಸೊಸೆ "ಅಯ್ಯೋ, ಹೊಟ್ಟೆ, ಹೊಟ್ಟೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಬ್ಬಳು ಮನೆಗೆ ಓಡಿಹೋಗಿ ಮುಚ್ಚಿದ ಒಂದು ಬೋಗುಣಿ ತಂದಳು. "ಬೆಳಿಗ್ಗೆ ಮಾಡಿದ್ದು, ಮಿಕ್ಕಿತ್ತು," ಎಂದಳು. ಇನ್ನೊಬ್ಬಳು, "ನಿಂದೇನು ಮಹಾ, ನಂದು ನೋಡು," ಎಂದು ತಾನೂ ಓಡಿದಳು. ಆ ದಿನ ಆ ಊರಿನಲ್ಲಿ ಎಷ್ಟು ಮನೆಗಳಿದ್ದವೋ ಅಷ್ಟು ಬಗೆಯ ಗೆಣಸಿನ ಸೊಪ್ಪಿನ ಪಲ್ಯ ಹೊರಗೆ ಬಂತು. ಮೇವು ಎನ್ನುವ ಸೊಪ್ಪಿಗೆ ಅಷ್ಟೊಂದು ಕೈರುಚಿ ಇರುವುದನ್ನು ಎಮ್ಮೆಗಳು ಕೂಡ ಊಹಿಸಿರಲಿಲ್ಲ.

"ಇಷ್ಟು ದಿನ ಯಾಕೆ ಯಾರೂ ಹೇಳ್ಲಿಲ್ಲ?" ಎಂದು ಅತ್ತೆ ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದಳು.

ಎದುರು ಮನೆಯವಳು ನಗುತ್ತಲೇ ಹೇಳಿದಳು. "ಎಮ್ಮೆನ ಒಲೆ ಮುಂದೆ ಕಟ್ಟಿದೀರಾ ಅಂತ ನೀವು ಅಂದ್ರಲ್ಲ ಅಕ್ಕಯ್ಯ, ಅವತ್ತಿಂದ ನಾನು ಬಾಗ್ಲು ಹಾಕ್ಕೊಂಡೇ ಬೇಯಿಸೋದು."

"ನಾನೂ ಅಷ್ಟೇ," ಎಂದಳು ಪಟೇಲನ ಹೆಂಡತಿ. "ನಿಮ್ಮ ಮೂಗಿಗೆ ಗೊತ್ತಾಗ್ಬಾರ್ದು ಅಂತ ಬೆಳ್ಳುಳ್ಳಿ ಬೇರೆ ಕಡಿಮೆ ಹಾಕ್ತಿದ್ದೆ."

"ನಾನು ಹಿತ್ತಲ ಒಲೇಲಿ," ಎಂದಳು ದೊಡ್ಡವ್ವ.

ಅತ್ತೆ ಯಾವ ಊರಿಗೆ ಹೆದರಿದ್ದಳೋ ಆ ಊರು ಇಷ್ಟು ಕಾಲ ಅವಳಿಗೇ ಹೆದರಿಕೊಂಡಿತ್ತು. ಕ್ಷಮಿಸಿ ಎನ್ನುವ ಮಾತು ಅವಳ ಅಡುಗೆಮನೆಯಲ್ಲಿ ಎಂದೂ ಬೆಂದದ್ದಲ್ಲ, ಬಾಯಿಗೆ ಬರಲಿಲ್ಲ. ಅವಳು ಎದುರು ಮನೆಯವಳ ಕೈ ಹಿಡಿದು ಎಳೆದು, ಸೊಸೆಯ ಪಕ್ಕದಲ್ಲೇ ಎಲೆ ಹಾಕಿ ಕೂರಿಸಿದಳು.

"ಇವತ್ತು ನಮ್ಮನೇಲಿ ಎಮ್ಮೆನ ನಡುಮನೆಗೇ ತಂದು ಕಟ್ಟಿದೀನಿ. ಉಣ್ಣು ಬಾರೇ," ಎಂದಳು.

ಮೊದಲ ತುತ್ತು ಸೊಸೆಗೆ ತಾನೇ ತಿನ್ನಿಸಿದಳು. ಎರಡನೆಯದು ಎದುರು ಮನೆಯವಳಿಗೆ. ಆಮೇಲೆ ಅಭ್ಯಾಸದಂತೆ ಅಂಗೈಗೆ ಒಂದು ಚೂರು ಹಾಕಿಕೊಂಡು, ಬಾಯಿಗಿಟ್ಟು, ಕಣ್ಣು ಮುಚ್ಚಿದಳು. ಪಂಕ್ತಿ ಕಾಯಿತು.

"ಹೂಂ," ಎಂದಳು ಅತ್ತೆ.

ಕಜ್ಜಾಯದ ಡಬ್ಬ ಅಂದು ಯಾರಿಗೂ ನೆನಪಾಗಲಿಲ್ಲ. ಮಾರನೆಯ ದಿನ ರೈತನೊಬ್ಬನೇ ಕೂತು ತಿಂದ.

ಆಮೇಲೆ ಆ ಮನೆಯ ಬಾಗಿಲು ತೆರೆದಿಟ್ಟೇ ಸೊಪ್ಪು ಬೆಂದಿತು. ಒಂದು ದಿನ ಪಲ್ಯ, ಒಂದು ದಿನ ಮಸ್ಸೊಪ್ಪು, ಒಂದು ದಿನ ರೊಟ್ಟಿಯ ಹಿಟ್ಟಿಗೆ ಹೆಚ್ಚಿ ಹಾಕಿದ್ದು. ಮಾತ್ರೆಯೂ ನಡೆಯಿತು. ನರ್ಸಮ್ಮ ಬಂದು ಬೆರಳು ಚುಚ್ಚಿ ನೋಡಿ, "ಏರಿದೆ! ಚೆನ್ನಾಗಿ ಏರಿದೆ!" ಎಂದಳು.

ಅತ್ತೆ ಅವಳನ್ನು ಪಕ್ಕಕ್ಕೆ ಕರೆದಳು.

"ನರ್ಸಮ್ಮ, ನಿಮಗೊಂದು ವಿಷಯ ಹೇಳ್ತೀನಿ. ಈ ಗೆಣಸಿನ ಸೊಪ್ಪಿದೆಯಲ್ಲ, ಬಹಳ ಒಳ್ಳೇದು. ಅದರಲ್ಲಿ ಕಬ್ಬಿಣ ಇದೆ, ರಕ್ತಕ್ಕೆ. ಕಣ್ಣಿಗೂ ಒಳ್ಳೇದು, ಕೂಸಿಗೂ ಒಳ್ಳೇದು. ತಿನ್ನೋವಾಗ ಒಂದು ಚೂರು ಹುಳಿ ಬೀಳ್ಬೇಕು ನೋಡಿ, ಆಗಲೇ ಮೈಗೆ ಹತ್ತೋದು. ನೀವು ಊರೂರು ಸುತ್ತೋರು, ನಾಲ್ಕು ಮನೇಲಿ ಹೇಳಿ."

"ಹೌದಾ ತಾಯಿ?" ಎಂದಳು ನರ್ಸಮ್ಮ. "ನಂಗೆ ಗೊತ್ತೇ ಇರಲಿಲ್ಲ. ಖಂಡಿತ ಹೇಳ್ತೀನಿ." ಅವಳು ಜಾಣೆ.

ದಿನ ತುಂಬಿತು. ಸೊಸೆಯನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಅತ್ತೆ ಕೂಸನ್ನು ಎತ್ತಿಕೊಂಡು ಕೆನ್ನೆಯ ಕೆಂಪು ನೋಡಿದಳು. ಸೊಸೆಯ ತುಟಿ ನೋಡಿದಳು, ಅದೂ ಕೆಂಪಾಗಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಂಡ ಬಸುರಿಯರನ್ನೆಲ್ಲ ನಿಲ್ಲಿಸಿ, ದಂಟಿನ ಸಿಪ್ಪೆ ಎಳೆಯುವುದರಿಂದ ಹಿಡಿದು ಪೂರ್ತಿ ಪಾಠವನ್ನು ಒಪ್ಪಿಸಿದಳು. ಸೊಸೆ ಒಳಗಿನಿಂದಲೇ ಅದನ್ನು ಕೇಳಿಸಿಕೊಂಡು, ಕೂಸಿನ ಕಿವಿಯಲ್ಲಿ ನಕ್ಕಳು.

ಕತೆ ಇಲ್ಲಿಗೆ ಮುಗಿಯಿತು.

ಶಿಷ್ಯೆ ಅವರೆಕಾಯಿ ಬಿಡಿಸುವುದನ್ನು ಎಂದೋ ನಿಲ್ಲಿಸಿದ್ದಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಎಂಥ ಹೆಂಗಸರು ಅವ್ವಾ! ಉಣ್ಣುವುದೂ ಅದನ್ನೇ, ನಗುವುದೂ ಅದಕ್ಕೇ. ಊರಿಗೆ ಊರೇ ಒಬ್ಬರಿಗೊಬ್ಬರು ಹೆದರಿಕೊಂಡು ಒಳಗೆ ಕೂತಿದ್ದರಲ್ಲ! ನಾನಾಗಿದ್ದರೆ ಮೊದಲನೆಯ ದಿನವೇ ಅಂಗಳದಲ್ಲಿ ಒಲೆ ಹೂಡುತ್ತಿದ್ದೆ."

ಗುರುತಾಯಿ ಮೊರವನ್ನು ಒಂದು ಸಲ ಕೇರಿ, ಸಿಪ್ಪೆ ಹಾರಿಸಿ, ಕೆಳಗಿಟ್ಟರು. ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು.

"ಒಳ್ಳೆಯದು ಮಗಳೇ. ಹಾಗಾದರೆ ಹೇಳು, ನಾಲ್ಕು ಜನ ಅಂದಾರು ಎಂದು ನೀನು ಬಾಗಿಲು ಹಾಕಿಕೊಂಡು ತಿನ್ನುವುದು ಏನನ್ನು?"

ಶಿಷ್ಯೆಯ ನಗು ನಿಂತಿತು.